ಹಳೇ ಲ್ಯಾಪ್‌ಟಾಪ್, ಸೋದರಮಾವನ ಡೊಳ್ಳು: ಟ್ರ್ಯಾಕರ್ ಮೊದಲೋ, ಮಾಡ್ಯುಲರ್ ಮೊದಲೋ?

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯಲ್ಲಿ ಡಿಪ್ಲೊಮಾ ಎರಡನೇ ವರ್ಷ ಓದುತ್ತಿದ್ದೇನೆ. ಊರು ಜಗಳೂರು ಕಡೆ. ಸೋದರಮಾವ ಡೊಳ್ಳಿನ ತಂಡದಲ್ಲಿದ್ದಾರೆ. ಜಾತ್ರೆಗಳಲ್ಲಿ ಉರುಮೆ ಕೇಳಿಕೊಂಡೇ ಬೆಳೆದವನು ನಾನು. ಈ ಸದ್ದುಗಳನ್ನು ಇಟ್ಟುಕೊಂಡು ಎಲೆಕ್ಟ್ರಾನಿಕ್ ಸಂಗೀತ ಮಾಡಬೇಕು ಅಂತ ಆಸೆ. ಇರುವುದು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಸಾಫ್ಟ್‌ವೇರ್‌ಗೆ ದುಡ್ಡು ಹಾಕೋಕೆ ಆಗಲ್ಲ, ಕೀಬೋರ್ಡ್ ನುಡಿಸೋಕೆ ಬರಲ್ಲ. ವಿಸಿವಿ ರ‍್ಯಾಕ್ ಅನ್ನುವ ಮಾಡ್ಯುಲರ್ ಸಿಂಥ್ ಹಾಕಿಕೊಂಡೆ, ಅಷ್ಟೊಂದು ಮಾಡ್ಯೂಲ್ ನೋಡಿ ತಲೆ ಕೆಟ್ಟಿತು. ಮಿಲ್ಕಿಟ್ರ್ಯಾಕರ್ ಅನ್ನುವ ಟ್ರ್ಯಾಕರ್ ತೆರೆದರೆ ಬರೀ ಅಂಕಿಗಳು. ಯಾವುದನ್ನು ಮೊದಲು ಕಲಿಯಲಿ? ಇವುಗಳಲ್ಲಿ ನಮ್ಮ ತಾಳ, ನಮ್ಮ ಸ್ವರ ಬರುತ್ತವಾ? ಜಾತ್ರೆಯಲ್ಲಿ ರೆಕಾರ್ಡ್ ಮಾಡಿದ್ದನ್ನು ಬಳಸಬಹುದಾ?

ಉತ್ತರ: ಮೊದಲು ಟ್ರ್ಯಾಕರ್. ನಿಮ್ಮ ಹತ್ತಿರ ಈಗಾಗಲೇ ಒಳ್ಳೇ ಸದ್ದು ಇದೆ, ಮನೆಯಲ್ಲೇ ಡೊಳ್ಳು ಬಾರಿಸುವವರಿದ್ದಾರೆ. ನಿಮಗೆ ಈಗ ಬೇಕಾಗಿರುವುದು ಆ ಸದ್ದನ್ನು ಕಾಲದಲ್ಲಿ ಜೋಡಿಸುವ ಒಂದು ಸಾಧನ. ಆ ಕೆಲಸಕ್ಕೆ ಟ್ರ್ಯಾಕರ್‌ನಷ್ಟು ನೇರವಾದದ್ದು ಇನ್ನೊಂದಿಲ್ಲ. ಮಾಡ್ಯುಲರ್ ಸಿಂಥ್, ಅಂದರೆ ಬೇರೆ ಬೇರೆ ಮಾಡ್ಯೂಲ್‌ಗಳನ್ನು ತಂತಿಯಿಂದ ಜೋಡಿಸಿ ಸದ್ದು ಹುಟ್ಟಿಸುವ ಸಾಧನ, ಅದನ್ನು ಬಿಡಿ ಅಂತ ಹೇಳುತ್ತಿಲ್ಲ. ಅದು ಎರಡು ವಿಷಯಕ್ಕೆ ನಿಮಗೆ ಖಂಡಿತ ಬೇಕಾಗುತ್ತದೆ: ಹಿಂದೆ ನಿಲ್ಲುವ ಶ್ರುತಿ, ಮತ್ತು ಉರುಮೆಯ ಆ ಜಾರುವ ನಾದ. ಆದರೆ ಅವೆರಡಕ್ಕೂ ಆಮೇಲೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಹಿಡಿದರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ.

ಲ್ಯಾಪ್‌ಟಾಪ್ ಬಗ್ಗೆ ಚಿಂತೆ ಬೇಡ. ಟ್ರ್ಯಾಕರ್ ಹುಟ್ಟಿದ್ದೇ ಬಡ ಯಂತ್ರಗಳಲ್ಲಿ. 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರ್‌ಗೆ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಅಂತ ಒಂದು ಪ್ರೋಗ್ರಾಂ ಬರೆದರು. ಅದೇ ವರ್ಷ ಬಂದ ಅಮಿಗಾ 500ರಲ್ಲಿ ಇದ್ದ ಮೆಮೊರಿ 512 ಕೆಬಿ. ಸದ್ದಿಗೆ ನಾಲ್ಕೇ ಚಾನೆಲ್, ಅದೂ 8 ಬಿಟ್. ಅಷ್ಟರಲ್ಲೇ ಯುರೋಪಿನ ಹುಡುಗರು ಒಂದು ಇಡೀ ಸಂಗೀತದ ಬಗೆಯನ್ನೇ ಕಟ್ಟಿದರು. ಈಗ ನಿಮ್ಮ ಲೆಕ್ಕ ನೋಡಿ. ಒಂದು ಸೆಕೆಂಡಿನ ಡೊಳ್ಳಿನ ಏಟು, ಒಂದೇ ಚಾನೆಲ್, 44,100 ಹರ್ಟ್ಸ್, 16 ಬಿಟ್ ಅಂದರೆ 88,200 ಬೈಟ್. ಅಂಥ ನೂರು ಏಟು ಹಾಕಿದರೂ 9 ಎಂಬಿ ದಾಟುವುದಿಲ್ಲ. ನಿಮ್ಮ 4 ಜಿಬಿಗೆ ಇದೇನು ಲೆಕ್ಕಾನೇ ಅಲ್ಲ.

ಯಾವ ಟ್ರ್ಯಾಕರ್ ಅಂದರೆ, ನೀವು ತೆರೆದಿರುವ ಮಿಲ್ಕಿಟ್ರ್ಯಾಕರ್ ಸಾಕು. ಅದು 1994ರ ಫಾಸ್ಟ್‌ಟ್ರ್ಯಾಕರ್ 2 ದಾರಿಯಲ್ಲೇ ನಡೆಯುತ್ತದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ಎಕ್ಸ್‌ಎಂ ಅನ್ನುವ ಫೈಲ್ ಮಾಡುತ್ತದೆ. ವಿಂಡೋಸ್‌ನಲ್ಲೇ ಇರುವವರಿಗೆ ಓಪನ್‌ಎಂಪಿಟಿ ಇನ್ನೂ ಸುಲಭ ಅನ್ನಿಸಬಹುದು, ಅದರ ಕಿಟಕಿ, ಮೆನು ಎಲ್ಲ ಸಾಮಾನ್ಯ ವಿಂಡೋಸ್ ಪ್ರೋಗ್ರಾಂ ಥರ ಇರುತ್ತವೆ. ಮೂರನೆಯದು ಸನ್‌ವಾಕ್ಸ್. ರಷ್ಯಾದ ಅಲೆಕ್ಸಾಂಡರ್ ಜೊಲೊಟೊವ್ ಮಾಡಿರುವ ಇದರಲ್ಲಿ ಟ್ರ್ಯಾಕರ್ ಮತ್ತು ಮಾಡ್ಯುಲರ್ ಸಿಂಥ್ ಎರಡೂ ಒಂದರಲ್ಲೇ ಇವೆ. ತುಂಬಾ ಹಗುರ. ಕಂಪ್ಯೂಟರ್‌ಗೆ ಪೂರ್ತಿ ಉಚಿತ, ಮೊಬೈಲ್‌ಗೆ ಮಾತ್ರ ದುಡ್ಡು. ಅದನ್ನೇ ಮೊದಲು ಯಾಕೆ ಹೇಳಲಿಲ್ಲ ಅಂದರೆ, ಅದರಲ್ಲಿ ತಂತಿ ಎಳೆಯುವ ಆಟ ಕಣ್ಣಮುಂದೆಯೇ ಇರುತ್ತದೆ, ಹೊಸಬರು ಹಾಡು ಬಿಟ್ಟು ಅದರಲ್ಲೇ ಮುಳುಗಿಬಿಡುತ್ತಾರೆ. ಎಕ್ಸ್‌ಎಂ ಫೈಲ್ ಅನ್ನು ಸನ್‌ವಾಕ್ಸ್ ತೆರೆಯುತ್ತದೆ, ಹಾಗಾಗಿ ಮಿಲ್ಕಿಯಲ್ಲಿ ಮಾಡಿದ ಕೆಲಸ ಏನೂ ಹಾಳಾಗುವುದಿಲ್ಲ, ಆಮೇಲೆ ಅಲ್ಲಿಗೆ ಹೋಗಬಹುದು.

ಈಗ ರೆಕಾರ್ಡಿಂಗ್. ನಿಮ್ಮ ಹಾಡಿನ ಮುಕ್ಕಾಲು ಪಾಲು ಯೋಗ್ಯತೆ ಇಲ್ಲೇ ತೀರ್ಮಾನ ಆಗುತ್ತದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಾತ್ರೆಯಲ್ಲಿ ಮೊಬೈಲ್ ಎತ್ತಿ ಹಿಡಿದು ಮಾಡಿದ ರೆಕಾರ್ಡಿಂಗ್ ನೆನಪಿಗೆ ಚೆನ್ನ, ಟ್ರ್ಯಾಕರ್‌ಗೆ ಅಲ್ಲ. ಟ್ರ್ಯಾಕರ್‌ಗೆ ಬೇಕಾಗಿರುವುದು ಬಿಡಿ ಬಿಡಿ ಏಟುಗಳು. ಮಾವನಿಗೆ ಬಿಡುವಿರುವ ಒಂದು ಬೆಳಗ್ಗೆ, ಊರ ಹೊರಗೆ ಎಲ್ಲಾದರೂ ಬಯಲಿನಲ್ಲಿ ಕೂರಿಸಿ. ಗೋಡೆ ಹತ್ತಿರ ಬೇಡ, ಪ್ರತಿಧ್ವನಿ ಸೇರಿದರೆ ಆಮೇಲೆ ತೆಗೆಯೋಕೆ ಆಗಲ್ಲ. ಡೊಳ್ಳಿನ ಎದುರಿಗೇ ಮೊಬೈಲ್ ಇಟ್ಟರೆ ಸದ್ದು ಒಡೆಯುತ್ತದೆ, ಹತ್ತು ಹನ್ನೆರಡು ಅಡಿ ದೂರ ಇಡಿ. ರೆಕಾರ್ಡರ್ ಆ್ಯಪ್‌ನಲ್ಲಿ ವೇವ್ ಫೈಲ್ ಆರಿಸಿಕೊಳ್ಳಿ. ನಾಯ್ಸ್ ಕಡಿಮೆ ಮಾಡುವ ಆಯ್ಕೆ, ಗೇನ್ ತಾನಾಗೇ ಹೊಂದಿಸುವ ಆಯ್ಕೆ ಇದ್ದರೆ ಎರಡನ್ನೂ ಆಫ್ ಮಾಡಿಬಿಡಿ. ಅವು ಮಾತಿಗೆ ಅಂತ ಇರುವಂಥವು, ಚರ್ಮವಾದ್ಯದ ಏಟಿನ ಮೊದಲ ಪೆಟ್ಟನ್ನೇ ಅದುಮಿಬಿಡುತ್ತವೆ.

ಆಮೇಲೆ ಕೋಲಿನ ಕಡೆಯ ಏಟು ಬೇರೆ, ಕೈಯ ಕಡೆಯ ಏಟು ಬೇರೆ, ಮರದ ಅಂಚಿಗೆ ಕೋಲು ತಾಗಿಸಿದ ಸದ್ದು ಬೇರೆ ತೆಗೆದುಕೊಳ್ಳಿ. ಒಂದೊಂದನ್ನೂ ಮೆಲ್ಲಗೆ, ಮಧ್ಯಮ, ಜೋರಾಗಿ ಬಾರಿಸಿಸಿ. ಒಂದೇ ಬಗೆಯ ಏಟನ್ನು ನಾಲ್ಕೈದು ಸಲವಾದರೂ ಹೊಡೆಸಿ, ನಡುವೆ ಸದ್ದು ಪೂರ್ತಿ ಅಡಗುವ ತನಕ ಕಾಯಿರಿ. ಇಷ್ಟೊಂದು ಯಾಕೆ ಅಂದರೆ, ಒಂದೇ ಸ್ಯಾಂಪಲ್ (ರೆಕಾರ್ಡ್ ಮಾಡಿದ ಸದ್ದಿನ ತುಣುಕು) ಅನ್ನು ಮತ್ತೆ ಮತ್ತೆ ನುಡಿಸಿದರೆ ಕಿವಿ ಎರಡನೇ ಆವರ್ತಕ್ಕೇ ಕಂಡುಹಿಡಿದುಬಿಡುತ್ತದೆ, ಯಂತ್ರ ಬಡಿದ ಹಾಗೆ ಕೇಳುತ್ತದೆ. ಕೈಯಲ್ಲಿ ಬಾರಿಸಿದ ಯಾವ ಎರಡು ಏಟೂ ಒಂದೇ ಥರ ಇರುವುದಿಲ್ಲ ಅಲ್ವಾ?

ಕತ್ತರಿಸೋಕೆ ಆಡಾಸಿಟಿ ಸಾಕು, ಅದೂ ಉಚಿತ. ಪ್ರತಿ ಏಟನ್ನೂ ಬೇರೆ ಬೇರೆ ಮಾಡಿ, ಏಟಿಗಿಂತ ಮೊದಲಿರುವ ಮೌನವನ್ನು ಪೂರ್ತಿ ತೆಗೆಯಿರಿ. ಅಲೆಯ ರೇಖೆ ಸೊನ್ನೆ ದಾಟುವ ಜಾಗದಲ್ಲೇ ಕತ್ತರಿಸಬೇಕು, ಇಲ್ಲದಿದ್ದರೆ ಶುರುವಿನಲ್ಲಿ ಟಿಕ್ ಅಂತ ಒಂದು ಸದ್ದು ಉಳಿಯುತ್ತದೆ. ಏಟಿಗೆ ಮೊದಲು 20 ಮಿಲಿಸೆಕೆಂಡ್ ಮೌನ ಉಳಿದರೂ ತಾಳ ಎಳೆದ ಹಾಗೆ ಆಗುತ್ತದೆ. ಆಗ ಸಾಫ್ಟ್‌ವೇರ್ ಸರಿ ಇಲ್ಲ ಅಂತ ಬೈಯುವವರೇ ಜಾಸ್ತಿ, ತಪ್ಪು ಕತ್ತರಿಯದ್ದು. ಸ್ಟೀರಿಯೊ ಬೇಡ, ಮೊನೊ ಮಾಡಿ. ಬಾಲವನ್ನು ಮಾತ್ರ ಕತ್ತರಿಸಬೇಡಿ, ಡೊಳ್ಳಿನ ಗುಮ್ಮು ಪೂರ್ತಿ ಇಳಿಯಲಿ.

ಡೊಳ್ಳಿಗೇ ನಿಲ್ಲಬೇಡಿ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿವೆ. ಕಾದ ಮರಳಿನಲ್ಲಿ ಅಕ್ಕಿ ಅರಳುವಾಗಿನ ಆ ಚಟಚಟ, ಆಮೇಲೆ ಜರಡಿಯಲ್ಲಿ ಮರಳು ಉದುರುವ ಸದ್ದು, ಇವೆರಡನ್ನೂ ಚಿಕ್ಕ ಚಿಕ್ಕದಾಗಿ ಕತ್ತರಿಸಿದರೆ ಪೇಟೆಯ ಯಾವ ಡ್ರಮ್ ಕಿಟ್‌ನಲ್ಲೂ ಸಿಗದ ಹೈಹ್ಯಾಟ್ ಸಿಗುತ್ತದೆ. ಚಿತ್ರದುರ್ಗದ ಕಡೆ ಹೋದರೆ ಗುಡ್ಡದ ಗಾಳಿಯಂತ್ರದ ರೆಕ್ಕೆ ತಿರುಗುವ ಸದ್ದನ್ನು ದೂರದಿಂದ ತೆಗೆದುಕೊಳ್ಳಿ. ಅದಕ್ಕೆ ತನ್ನದೇ ಒಂದು ನಿಧಾನದ ಲಯ ಇದೆ.

ಇನ್ನು ಆ ಅಂಕಿಗಳ ಪರದೆ. ಅಂಗಡಿಯ ಖಾತೆ ಪುಸ್ತಕದ ಹಾಗೆ ಅದನ್ನು ಮೇಲಿನಿಂದ ಕೆಳಗೆ ಓದಬೇಕು. ಒಂದೊಂದು ಸಾಲು ಕಾಲದ ಒಂದು ತುಣುಕು. ಒಂದೊಂದು ಕಂಬ ಒಂದು ಚಾನೆಲ್. ಕಂಬದೊಳಗೆ ಸ್ವರ, ಸ್ಯಾಂಪಲ್ ನಂಬರ್, ಜೋರು ಎಷ್ಟು, ಕೊನೆಯಲ್ಲಿ ವಿಶೇಷ ಆಜ್ಞೆ, ಇಷ್ಟೇ. ಸ್ಪೇಸ್ ಒತ್ತಿದರೆ ಬರೆಯುವ ಸ್ಥಿತಿಗೆ ಬರುತ್ತದೆ. ಕೀಲಿ ಒತ್ತಿದರೆ ಸ್ವರ ಬೀಳುತ್ತದೆ. ಅಂಕಿಗಳು ಹೆಕ್ಸಾಡೆಸಿಮಲ್‌ನಲ್ಲಿ ಇರುತ್ತವೆ, ನೀವು ಡಿಪ್ಲೊಮಾದಲ್ಲಿ ಓದಿರುತ್ತೀರಿ, 9 ಆದಮೇಲೆ ಎ ಯಿಂದ ಎಫ್ ತನಕ, ಆಮೇಲೆ 10. ಒಂದು ವಾರದಲ್ಲಿ ಕಣ್ಣಿಗೆ ರೂಢಿ ಆಗುತ್ತದೆ.

ತಾಳ ಬರುತ್ತವಾ ಅಂತ ಕೇಳಿದ್ದೀರಿ. ಬರುತ್ತವೆ, ಅದೂ ಸಲೀಸಾಗಿ ಬರುತ್ತವೆ. ಆದರೆ ಟ್ರ್ಯಾಕರ್ ತೆರೆದ ಕೂಡಲೇ ಅದು ನಿಮಗೆ 64 ಸಾಲಿನ ಪ್ಯಾಟರ್ನ್, ಅಂದರೆ ಹಾಡಿನ ಒಂದು ತುಂಡು, ಕೊಡುತ್ತದೆ. ಅದು ನಾಲ್ಕರ ಲೆಕ್ಕ. ಹೊಸಬರು ಆ 64ನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಏನು ಮಾಡಿದರೂ ನಾಲ್ಕು ನಾಲ್ಕರ ಕುಣಿತವೇ ಬರುತ್ತದೆ, ಆಮೇಲೆ ಇದರಲ್ಲಿ ನಮ್ಮ ತಾಳ ಬರಲ್ಲ ಅಂತ ಬಿಟ್ಟುಬಿಡುತ್ತಾರೆ. ಮಿಶ್ರ ಛಾಪು ಬೇಕು ಅಂದುಕೊಳ್ಳಿ, ತಕಿಟ ತಕದಿಮಿ, ಮೂರು ಮತ್ತು ನಾಲ್ಕು, ಒಟ್ಟು ಏಳು. ಒಂದು ಮಾತ್ರೆಗೆ 4 ಸಾಲು ಇಟ್ಟರೆ 28 ಸಾಲು. ಪ್ಯಾಟರ್ನ್ ಉದ್ದವನ್ನು 28 ಮಾಡಿ, ಹೆಕ್ಸ್‌ನಲ್ಲಿ ಅದು 1ಸಿ. 0ನೇ ಸಾಲಿಗೆ ಕೋಲಿನ ಜೋರು ಏಟು, 4 ಮತ್ತು 8ಕ್ಕೆ ಕೈಯ ಮೆದು ಏಟು. 12ಕ್ಕೆ ಮತ್ತೆ ಕೋಲು, 16, 20, 24ಕ್ಕೆ ಕೈ (ಇವು ನಮ್ಮ ಮಾಮೂಲಿ ಅಂಕಿಗಳು, ಹೆಕ್ಸ್‌ನಲ್ಲಿ 0ಸಿ, 10, 14, 18). ಪ್ಲೇ ಒತ್ತಿ. ಅಷ್ಟೇ, ಏಳು ಬಂತು. ಖಂಡ ಛಾಪಿಗೆ 20 ಸಾಲು, ಆದಿ ತಾಳದ ಒಂದು ಆವರ್ತಕ್ಕೆ 32. ಎರಡು ಮೂರು ಆವರ್ತವನ್ನು ಒಂದೇ ಪ್ಯಾಟರ್ನ್‌ನಲ್ಲಿ ಹಾಕಿದರೆ ಬದಲಾವಣೆಗೆ ಜಾಗ ಸಿಗುತ್ತದೆ, 256 ಸಾಲಿನವರೆಗೆ ಹೋಗಬಹುದು.

ಆದರೆ ಡೊಳ್ಳಿನ ಹೊಡೆತಗಳನ್ನೆಲ್ಲ ಸುಮ್ನೆ ಕರ್ನಾಟಕ ಸಂಗೀತದ ತಾಳಗಳ ಹೆಸರಿಗೆ ಕಟ್ಟಿಹಾಕಬೇಡಿ. ಮಾವನ ಹತ್ತಿರ ಕೂತು, ಒಂದು ಹೊಡೆತವನ್ನು ಬಾಯಲ್ಲಿ ಹೇಳಿಸಿ, ಜೊತೆಗೆ ಕಾಲು ತಟ್ಟೋಕೆ ಹೇಳಿ. ಹೆಜ್ಜೆ ಎಲ್ಲಿ ಬೀಳುತ್ತದೆ, ಒಂದು ಹೆಜ್ಜೆಯಿಂದ ಇನ್ನೊಂದರ ನಡುವೆ ಎಷ್ಟು ಏಟು ಕೂರುತ್ತವೆ ಅಂತ ಎಣಿಸಿ. ಪ್ಯಾಟರ್ನ್ ಉದ್ದ ಅಲ್ಲಿಂದ ಬರಲಿ. ಡೊಳ್ಳು ಕುಣಿತದ ವಾದ್ಯ, ಅದರ ಲೆಕ್ಕ ಕಾಲಿನಲ್ಲಿದೆ.

ಗತಿ ಬದಲಾಯಿಸುವುದು ಇನ್ನೂ ಖುಷಿಯ ವಿಷಯ. ಈ ಮಾತು ಹೇಳಿಕೊಡುವವರು ಕಡಿಮೆ, ಅದಕ್ಕೇ ಪೂರ್ತಿ ಬರೆಯುತ್ತೇನೆ. ಟ್ರ್ಯಾಕರ್ ಒಳಗೆ ಕಾಲದ ಅತಿ ಚಿಕ್ಕ ತುಣುಕಿಗೆ ಟಿಕ್ ಅನ್ನುತ್ತಾರೆ. ಬಿಪಿಎಂ (ಟ್ರ್ಯಾಕರ್‌ನ ವೇಗದ ಅಂಕಿ) 125 ಇದ್ದರೆ ಒಂದು ಟಿಕ್ 20 ಮಿಲಿಸೆಕೆಂಡ್. ಸ್ಪೀಡ್ 6 ಅಂದರೆ ಒಂದು ಸಾಲಿಗೆ 6 ಟಿಕ್. ನಾಲ್ಕು ಸಾಲಿಗೆ ಒಂದು ಬೀಟ್ ಆದರೆ ಬೀಟಿಗೆ 24 ಟಿಕ್. ಈಗ ಸ್ಪೀಡ್ 8 ಮಾಡಿ, ಬೀಟಿಗೆ ಮೂರೇ ಸಾಲು ಇಡಿ. ಮೂರೆಂಟ್ಲೆ ಅದೇ 24. ಅಂದರೆ ತಾಳ ಹಾಕುವ ಕೈ ಒಂದಿಷ್ಟೂ ಅಲುಗುವುದಿಲ್ಲ, ಒಳಗಿನ ನಡೆ ಮಾತ್ರ ನಾಲ್ಕರ ಚತುರಶ್ರದಿಂದ ಮೂರರ ತಿಶ್ರಕ್ಕೆ ಹೊರಳುತ್ತದೆ. ಎಫ್ ಆಜ್ಞೆಯಿಂದ ಇದನ್ನು ಹಾಡಿನ ಮಧ್ಯದಲ್ಲೇ ಮಾಡಬಹುದು: ಒಂದು ಪ್ಯಾಟರ್ನ್‌ನ ಮೊದಲ ಸಾಲಿಗೆ ಎಫ್06, ಮುಂದಿನದಕ್ಕೆ ಎಫ್08.

ಖಂಡ ಗತಿಯೂ ಬೇಕು ಅಂದರೆ 24 ಸಾಲದು, ಅದು 5ರಿಂದ ಭಾಗ ಆಗಲ್ಲ. ಬೀಟಿಗೆ 60 ಟಿಕ್ ಇಟ್ಟುಕೊಳ್ಳಿ. ನಾಲ್ಕು ಸಾಲಿಗೆ ಸ್ಪೀಡ್ 15, ಮೂರಕ್ಕೆ 20, ಐದಕ್ಕೆ 12. ಹೆಕ್ಸ್‌ನಲ್ಲಿ ಕ್ರಮವಾಗಿ 0ಎಫ್, 14, 0ಸಿ. ಒಂದೇ ತೊಂದರೆ ಅಂದರೆ ಬೀಟ್ ತುಂಬಾ ನಿಧಾನ ಆಗುತ್ತದೆ. ಅದಕ್ಕೆ ಬಿಪಿಎಂ ಅನ್ನು ಗರಿಷ್ಠ 255ಕ್ಕೆ ಏರಿಸಿ, ಆಗ ನಿಮಿಷಕ್ಕೆ 102 ಬೀಟ್ ಬರುತ್ತದೆ. ಹಾಡಿಗೆ ಬೇಕಾದಷ್ಟಾಯಿತು. ಎಫ್ ಆಜ್ಞೆಯಲ್ಲಿ ಹೆಕ್ಸ್ 20ಕ್ಕಿಂತ ಕಡಿಮೆ ಬರೆದರೆ ಸ್ಪೀಡ್, 20 ಅಥವಾ ಜಾಸ್ತಿ ಬರೆದರೆ ಬಿಪಿಎಂ. ಇದೊಂದು ಗೊಂದಲ ಮೊದಮೊದಲು ಎಲ್ಲರಿಗೂ ಆಗುತ್ತದೆ.

ಲೆಕ್ಕ ಸರಿ ಆದಮೇಲೂ ಹಾಡು ಗಟ್ಟಿಯಾಗಿ, ಜೀವ ಇಲ್ಲದ ಹಾಗೆ ಕೇಳಬಹುದು. ಆಗ ಮೂರು ಕೆಲಸ ಮಾಡಿ. ಒಂದೇ ಏಟಿನ ನಾಲ್ಕೈದು ರೆಕಾರ್ಡಿಂಗ್‌ಗಳನ್ನು ಬದಲಿಸಿ ಬದಲಿಸಿ ಬಳಸಿ. ವಾಲ್ಯೂಮ್ ಕಂಬದಲ್ಲಿ ಎಲ್ಲವನ್ನೂ ಒಂದೇ ಮಟ್ಟದಲ್ಲಿ ಬಿಡಬೇಡಿ, ಹೆಜ್ಜೆ ಬೀಳುವ ಏಟು ಮೇಲೆ, ಉಳಿದವು ಕೆಳಗೆ. ಇಡಿ1, ಇಡಿ2 (ED1, ED2) ಅನ್ನುವ ಆಜ್ಞೆ ಒಂದು ಏಟನ್ನು ಒಂದೆರಡು ಟಿಕ್ ತಡ ಮಾಡಿಸುತ್ತದೆ, ಅದನ್ನು ಕೈಯ ಕಡೆಯ ಮೆದು ಏಟುಗಳಿಗೆ ಅಲ್ಲಲ್ಲಿ ಹಾಕಿ. ಎಲ್ಲಾ ಕಡೆ ಹಾಕಿದರೆ ಕುಡಿದವರು ಬಾರಿಸಿದ ಹಾಗಾಗುತ್ತದೆ. ಜೋರು ಏಟು ಮಾತ್ರ ಸರಿಯಾಗಿ ಸಾಲಿನ ಮೇಲೇ ಇರಲಿ.

ಕೀಬೋರ್ಡ್ ನುಡಿಸೋಕೆ ಬರಲ್ಲ ಅಂದಿರಿ. ಟ್ರ್ಯಾಕರ್‌ಗೆ ಅದು ಬೇಕಾಗಿಲ್ಲ, ಸ್ವರವನ್ನು ಒಂದೊಂದಾಗಿ ಟೈಪ್ ಮಾಡುವುದು ತಾನೇ. ಇದೇ ಕಾರಣಕ್ಕೆ ದುಬಾರಿ ಸೌಂಡ್ ಕಾರ್ಡ್ ಕೂಡ ಬೇಡ, ಒತ್ತಿದ್ದಕ್ಕೂ ಸದ್ದಿಗೂ ನಡುವೆ ಚೂರು ತಡ ಆದರೆ ಏನೂ ನಷ್ಟ ಇಲ್ಲ. ಲ್ಯಾಪ್‌ಟಾಪ್ ಕೀಬೋರ್ಡಿನ ಕೆಳಗಿನ ಸಾಲಿನಲ್ಲಿ ಝಡ್, ಎಕ್ಸ್, ಸಿ, ವಿ, ಬಿ, ಎನ್, ಎಂ ಇವೆಯಲ್ಲ, ಅವು ಹಾರ್ಮೋನಿಯಂನ ಬಿಳಿ ಮನೆಗಳು. ಅವುಗಳ ಮೇಲಿನ ಸಾಲಿನ ಎಸ್, ಡಿ, ಜಿ, ಎಚ್, ಜೆ ಕರಿ ಮನೆಗಳು. ಝಡ್ ಅನ್ನು ಸ ಅಂದುಕೊಂಡರೆ ಆ ಏಳು ಬಿಳಿ ಮನೆಗಳೇ ಶಂಕರಾಭರಣ. ಝಡ್, ಎಸ್, ಸಿ, ವಿ, ಬಿ, ಎಚ್, ಎಂ ಒತ್ತಿದರೆ ಸಂಗೀತ ಪಾಠದ ಮೊದಲ ದಿನ ಹೇಳಿಕೊಡುವ ಮಾಯಾಮಾಳವಗೌಳ. ಝಡ್, ಎಕ್ಸ್, ಸಿ, ಬಿ, ಎನ್ ಅಂದರೆ ಮೋಹನ. ಭಜನೆಯವರು ಹೇಳುವ ಬಿಳಿ ಒಂದು, ಕರಿ ಒಂದು ಅನ್ನುವ ಶ್ರುತಿಗೆ ಹೊಂದಿಸಬೇಕಾದರೆ ಇಡೀ ಪ್ಯಾಟರ್ನ್ ಅನ್ನು ಮೇಲೆ ಕೆಳಗೆ ಸರಿಸುವ ಆಯ್ಕೆ ಇದೆ, ಮತ್ತೆ ಬರೆಯಬೇಕಾಗಿಲ್ಲ.

ಆದರೆ ಸ್ವರದ ವಿಷಯದಲ್ಲಿ ಒಂದು ನಿಜ ಹೇಳಬೇಕು. ಟ್ರ್ಯಾಕರ್ ಕೊಡುವುದು ಹನ್ನೆರಡು ಸಮ ಭಾಗದ ಸ್ವರ, ಪಕ್ಕಪಕ್ಕದ ಎರಡು ಮನೆಗಳ ನಡುವೆ ಸರಿಯಾಗಿ 100 ಸೆಂಟ್. ನಮ್ಮ ಕಿವಿಗೆ ಶ್ರುತಿಯ ಜೊತೆ ಹಿತವಾಗಿ ಕೂರುವ ಅಂತರ ಗಾಂಧಾರ ಸ ದಿಂದ 386 ಸೆಂಟ್ ದೂರದಲ್ಲಿದೆ. ಟ್ರ್ಯಾಕರ್‌ನದು 400. ಹದಿನಾಲ್ಕು ಸೆಂಟ್ ಏನು ಮಹಾ ಅನ್ನಿಸಬಹುದು. 130.8 ಹರ್ಟ್ಸ್‌ನ ಸ ಹಿಂದೆ ನಿಂತಿರುವಾಗ ಈ ಗ ನುಡಿಸಿ ನೋಡಿ, ಎರಡರ ಮೇಲುನಾದಗಳು ತಿಕ್ಕಾಡಿ ಸೆಕೆಂಡಿಗೆ ಸುಮಾರು 5 ಸಲ ಅಲುಗುವುದು ಕೇಳಿಸುತ್ತದೆ. ಇದಕ್ಕೆ ದಾರಿ ಇದೆ. ಗ ಸ್ವರಕ್ಕೆ ಅದೇ ಸ್ಯಾಂಪಲ್‌ನ ಇನ್ನೊಂದು ಪ್ರತಿ ಮಾಡಿಕೊಂಡು ಫೈನ್‌ಟ್ಯೂನ್ ಅನ್ನು ಮೈನಸ್ 18ಕ್ಕೆ ಇಡಿ. ಎಕ್ಸ್‌ಎಂನಲ್ಲಿ ಒಂದು ಮನೆಯ ದೂರವನ್ನು 128 ಭಾಗ ಮಾಡಿರುತ್ತಾರೆ, ಹಾಗಾಗಿ 18 ಅಂದರೆ ಸರಿಸುಮಾರು 14 ಸೆಂಟ್. ಶ್ರುತಿ ಇಲ್ಲದ, ಬರೀ ತಾಳದ ಹಾಡಿಗೆ ಈ ತಲೆನೋವು ಬೇಡ.

ಗಮಕ ಮಾತ್ರ ಟ್ರ್ಯಾಕರ್‌ನಲ್ಲಿ ಅರೆಬರೆಯೇ. 3ರಿಂದ ಶುರುವಾಗುವ ಆಜ್ಞೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುತ್ತದೆ, 4ರಿಂದ ಶುರುವಾಗುವುದು ಕಂಪಿಸುತ್ತದೆ. ಒಂದು ಜಾರು, ಒಂದು ಕಂಪಿತ ತಕ್ಕಮಟ್ಟಿಗೆ ಬರುತ್ತವೆ. ತೋಡಿ ರಾಗದ ಗಾಂಧಾರ ಇದರಲ್ಲಿ ಹುಡುಕಬೇಡಿ.

ಇಲ್ಲಿಗೆ ಬಂದಾಗ ಮಾಡ್ಯುಲರ್ ಬೇಕಾಗುತ್ತದೆ. 1960ರ ದಶಕದ ನಡುವೆ ಅಮೆರಿಕದಲ್ಲಿ ರಾಬರ್ಟ್ ಮೂಗ್ ಮತ್ತು ಡಾನ್ ಬುಕ್ಲಾ ಬೇರೆ ಬೇರೆಯಾಗಿ ಈ ಯಂತ್ರಗಳನ್ನು ಕಟ್ಟಿದರು. ನಮ್ಮ ದೇಶಕ್ಕೂ ಇದು ಹೊಸದಲ್ಲ, 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಒಂದು ಮೂಗ್ ಸಿಂಥ್ ಬಂದು ಕೂತಿತ್ತು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೊ ಹೊಂದಿಸಿಕೊಟ್ಟಿದ್ದರು. ನಿಜವಾದ ಯಂತ್ರ ಕೊಳ್ಳುವುದು ವಿದ್ಯಾರ್ಥಿಗಳ ಕೈಗೆ ಎಟುಕುವ ಮಾತಲ್ಲ. 2017ರಲ್ಲಿ ಆಂಡ್ರೂ ಬೆಲ್ಟ್ ಬಿಡುಗಡೆ ಮಾಡಿದ ವಿಸಿವಿ ರ‍್ಯಾಕ್ ಅದನ್ನೇ ಪರದೆಯ ಮೇಲೆ ತಂದಿತು. ಉಚಿತ ಆವೃತ್ತಿ ಪೂರ್ತಿ ಕೆಲಸಕ್ಕೆ ಬರುತ್ತದೆ, ಬೇರೆ ಸಾಫ್ಟ್‌ವೇರ್‌ನ ಒಳಗೆ ಪ್ಲಗಿನ್ ಆಗಿ ಓಡಿಸಬೇಕು ಅಂದರೆ ಮಾತ್ರ ದುಡ್ಡು. ಅದಕ್ಕೂ ಕಾರ್ಡಿನಲ್ ಅನ್ನುವ ಉಚಿತ ಪರ್ಯಾಯ ಇದೆ.

ನಿಮಗೆ ತಲೆ ಕೆಟ್ಟಿದ್ದು ಮಾಡ್ಯೂಲ್‌ಗಳ ಪಟ್ಟಿ ನೋಡಿ. ಪಟ್ಟಿಯನ್ನು ಮುಚ್ಚಿಬಿಡಿ. ಜೊತೆಯಲ್ಲೇ ಬರುವ ಮೂಲ ಮಾಡ್ಯೂಲ್‌ಗಳಲ್ಲಿ ಆರು ಬಗೆ ಸಾಕು: ವಿಸಿಒ ಸದ್ದು ಹುಟ್ಟಿಸುತ್ತದೆ, ವಿಸಿಎಫ್ ಅದನ್ನು ಸೋಸುತ್ತದೆ, ವಿಸಿಎ ಜೋರು ಮೆದು ಮಾಡುತ್ತದೆ, ಎಡಿಎಸ್‌ಆರ್ ಏರಿಳಿತದ ಆಕಾರ ಕೊಡುತ್ತದೆ, ಎಲ್‌ಎಫ್‌ಒ ನಿಧಾನವಾಗಿ ತೂಗುತ್ತದೆ, ಮಿಕ್ಸರ್ ಕೂಡಿಸುತ್ತದೆ. ಕೊನೆಗೆ ಆಡಿಯೊ ಮಾಡ್ಯೂಲ್. ಅದರಲ್ಲಿ ನಿಮ್ಮ ಸ್ಪೀಕರ್ ಆರಿಸದಿದ್ದರೆ ಎಷ್ಟೇ ತಂತಿ ಎಳೆದರೂ ಸದ್ದು ಬರಲ್ಲ. ಹೆಡ್‌ಫೋನ್ ಹಾಕಿಕೊಳ್ಳುವ ಮೊದಲು ವಾಲ್ಯೂಮ್ ತಗ್ಗಿಸಿ, ವಿಸಿಒ ನೇರವಾಗಿ ಕಿವಿಗೆ ಬಿದ್ದರೆ ನೋವಾಗುತ್ತದೆ.

ಮೊದಲ ಕೆಲಸ ಶ್ರುತಿ. ನಾಲ್ಕು ವಿಸಿಒ ಇಡಿ. ಸ್ವರ ಹೊಂದಿಸುವ ಗುಬ್ಬಿಯ (ನಾಬ್) ಮೇಲೆ ರೈಟ್ ಕ್ಲಿಕ್ ಮಾಡಿ ಹರ್ಟ್ಸ್ ಅನ್ನು ನೇರವಾಗಿ ಟೈಪ್ ಮಾಡಿ: ಮಂದ್ರದ ಸ 130.8, ಪ 196.2, ಮೇಲಿನ ಸ 261.6. ನಾಲ್ಕನೆಯದನ್ನು 130.5ಕ್ಕೆ ಇಡಿ, ಅದು ಮೊದಲ ಸ ಜೊತೆ ಸೇರಿ ಮೂರು ಸೆಕೆಂಡಿಗೊಮ್ಮೆ ನಿಧಾನವಾಗಿ ಉಸಿರಾಡುತ್ತದೆ. ಪ ಅಂದರೆ ಸ ದ ಒಂದೂವರೆ ಪಟ್ಟು, ಹನ್ನೆರಡರ ಲೆಕ್ಕದ ಹಂಗಿಲ್ಲದೆ ಅದನ್ನು ಹಾಗೆಯೇ ಇಡೋಕೆ ಇಲ್ಲಿ ಆಗುತ್ತದೆ. ನಾಲ್ಕರಿಂದಲೂ ಸಾ-ಟೂತ್ (ಗರಗಸದ ಹಲ್ಲಿನ ಆಕಾರದ) ಅಲೆ ತೆಗೆದು ಮಿಕ್ಸರ್‌ಗೆ, ಅಲ್ಲಿಂದ ವಿಸಿಎಫ್‌ನ ಲೋ ಪಾಸ್‌ಗೆ ಕೊಡಿ. ರೆಸೊನನ್ಸ್ ಸ್ವಲ್ಪ ಏರಿಸಿ, ಹತ್ತು ಸೆಕೆಂಡಿಗೊಮ್ಮೆ ತೂಗುವ ಎಲ್‌ಎಫ್‌ಒ ಒಂದನ್ನು ಕಟ್‌ಆಫ್‌ಗೆ, ಅಂದರೆ ಎಲ್ಲಿಂದ ಸೋಸಬೇಕು ಅನ್ನುವ ಮಟ್ಟಕ್ಕೆ, ಸಿಕ್ಕಿಸಿ. ಮೇಲುನಾದಗಳು ಒಂದೊಂದಾಗಿ ಎದ್ದು ಇಳಿಯುತ್ತವೆ. ತಂಬೂರಿಯ ಕುದುರೆ ಮೇಲೆ ದಾರ ಸರಿಸಿದಾಗ ಆಗುವುದು ಇದೇ ಬಗೆಯದು. ತಂಬೂರಿಯೇ ಅಂತ ಯಾರೂ ಮೋಸ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಎರಡನೆಯದು ಉರುಮೆ. ಅದರ ಒಂದು ಕಡೆ ಬಡಿಯುತ್ತಾರೆ, ಇನ್ನೊಂದು ಕಡೆ ಬಾಗಿದ ಕೋಲಿನಿಂದ ಚರ್ಮವನ್ನು ಉಜ್ಜುತ್ತಾರೆ. ಬಡಿಯುವ ಕಡೆಯದನ್ನು ಸ್ಯಾಂಪಲ್ ಮಾಡಬಹುದು. ಉಜ್ಜುವ ಕಡೆಯದನ್ನು ಸ್ಯಾಂಪಲ್ ಮಾಡಿದರೆ ಸೋಲುತ್ತೀರಿ, ಯಾಕೆಂದರೆ ಅದು ಪ್ರತಿ ಸಲವೂ ಬೇರೆ ಥರ ಏರುತ್ತದೆ, ಬೇರೆ ಉದ್ದಕ್ಕೆ ಜಾರುತ್ತದೆ, ಸ್ಯಾಂಪಲ್‌ನ ಸ್ವರ ಏರಿಸಿದರೆ ಉದ್ದವೂ ಕುಗ್ಗುತ್ತದೆ. ಉಜ್ಜುವಾಗ ಕೋಲು ಚರ್ಮವನ್ನು ಹಿಡಿದು ಎಳೆಯುತ್ತದೆ, ಜಾರಿ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಪಿಟೀಲಿನ ಕಮಾನು ತಂತಿಗೆ ಮಾಡುವುದೂ ಇದನ್ನೇ, ಮತ್ತು ಈ ಹಿಡಿ-ಬಿಡು ಚಲನೆಯಿಂದ ಗರಗಸದ ಹಲ್ಲಿನ ಆಕಾರದ ಅಲೆ ಬರುತ್ತದೆ. ಅದಕ್ಕೇ ಸಾ-ಟೂತ್‌ನಿಂದ ಶುರು ಮಾಡಿ. ಒಂದು ವಿಸಿಒ ತೀರಾ ಕೆಳಗಿನ ಸ್ವರಕ್ಕೆ ಇಡಿ. ಒಂದು ಎಡಿಎಸ್‌ಆರ್ ಅನ್ನು ನಿಧಾನವಾಗಿ ಏರುವ ಹಾಗೆ ಹೊಂದಿಸಿ, ಅದರ ತಂತಿಯನ್ನು ಮೂರು ಕಡೆ ಕೊಡಿ: ವಿಸಿಒ ಸ್ವರಕ್ಕೆ, ವಿಸಿಎಫ್ ಕಟ್‌ಆಫ್‌ಗೆ, ವಿಸಿಎಗೆ. ಸ್ವರ ಏರಿದ ಹಾಗೆ ಸದ್ದು ತೆರೆಯುತ್ತದೆ, ಜೋರೂ ಆಗುತ್ತದೆ, ಕೈ ಒತ್ತಿದಾಗ ಆಗುವುದು ಹಾಗೆಯೇ. ಸ್ವರಕ್ಕೆ ಹೋಗುವ ತಂತಿಯನ್ನು ಒಂದು ಮಿಕ್ಸರ್ ಮೂಲಕ ಹಾಯಿಸಿ, ಅದರ ಗುಬ್ಬಿಯನ್ನು ತುಂಬಾ ಕಡಿಮೆ ಇಡಿ. ಇಲ್ಲಿ 1 ವೋಲ್ಟ್ ಅಂದರೆ ಒಂದು ಇಡೀ ಸ್ಥಾಯಿ, ಎಡಿಎಸ್‌ಆರ್ ಕೊಡುವುದು 10 ವೋಲ್ಟ್, ಹಾಗೇ ಬಿಟ್ಟರೆ ಸೈರನ್ ಆಗುತ್ತದೆ. ಆಮೇಲೆ ನಾಯ್ಸ್ ಮಾಡ್ಯೂಲ್‌ನಿಂದ ಚಿಟಿಕೆಯಷ್ಟು ವಿಸಿಒದ ಎಫ್‌ಎಂ ತೂತಿಗೆ ಕೊಡಿ, ಚರ್ಮದ ಒರಟು ಬರುತ್ತದೆ. ನಿಜವಾದ ಉರುಮೆಯನ್ನು ಪಕ್ಕದಲ್ಲಿ ಹಾಕಿಕೊಂಡು ಕೇಳುತ್ತಾ ಹೊಂದಿಸಿ. ಒಂದು ಸಂಜೆ ಇದಕ್ಕೇ ಹೋಗಲಿ.

ನಿಮ್ಮ ಲ್ಯಾಪ್‌ಟಾಪ್ ರ‍್ಯಾಕ್‌ಗೆ ಸ್ವಲ್ಪ ತಿಣುಕಬಹುದು. ಎಫ್3 ಒತ್ತಿದರೆ ಯಾವ ಮಾಡ್ಯೂಲ್ ಎಷ್ಟು ತಿನ್ನುತ್ತಿದೆ ಅಂತ ಕಾಣುತ್ತದೆ. ವ್ಯೂ ಮೆನುವಿನಲ್ಲಿ ಫ್ರೇಮ್ ರೇಟ್ ಇಳಿಸಿ, ಸ್ಯಾಂಪಲ್ ರೇಟ್ 44,100ರಲ್ಲೇ ಇಡಿ. ಎರಡೂ ಸಾಫ್ಟ್‌ವೇರ್ ಒಟ್ಟಿಗೆ ಓಡಿಸುವ ಅಗತ್ಯವೇ ಇಲ್ಲ. ರ‍್ಯಾಕ್‌ನಲ್ಲಿ ಶ್ರುತಿಯನ್ನೂ ಉರುಮೆಯ ಹತ್ತಾರು ಜಾರುಗಳನ್ನೂ ವಿಸಿವಿ ರೆಕಾರ್ಡರ್ ಮಾಡ್ಯೂಲ್‌ನಿಂದ ವೇವ್ ಫೈಲ್ ಮಾಡಿಕೊಳ್ಳಿ, ಅದೂ ಉಚಿತ. ರ‍್ಯಾಕ್ ಮುಚ್ಚಿ. ಆ ಫೈಲ್‌ಗಳನ್ನು ಡೊಳ್ಳಿನ ಏಟುಗಳ ಜೊತೆ ಟ್ರ್ಯಾಕರ್‌ಗೆ ತನ್ನಿ. ಹತ್ತಾರು ಜಾರು ಇರುವುದರಿಂದ ಒಂದೇ ಮತ್ತೆ ಮತ್ತೆ ಬರುವುದೂ ಇಲ್ಲ.

ಕೊನೆಯದಾಗಿ ಜಾತ್ರೆಯ ರೆಕಾರ್ಡಿಂಗ್. ನಿಮ್ಮ ಕಲಿಕೆಗೆ ಇಟ್ಟುಕೊಳ್ಳಿ, ಹೊರಗೆ ಬಿಡುವ ಹಾಡಿಗೆ ಕೇಳದೆ ಬಳಸಬೇಡಿ. 1957ರ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಇದೆ, ಜನಪದ ಕಲಾವಿದರೂ ಅದರಲ್ಲಿ ಸೇರುತ್ತಾರೆ. ಜೊತೆಗೆ ಜಾತ್ರೆಯಲ್ಲಿ ಯಾವುದೋ ಮೂಲೆಯ ಮೈಕಿನಿಂದ ಸಿನಿಮಾ ಹಾಡು ಬರುತ್ತಿರುತ್ತದೆ, ಅದು ಸೇರಿಕೊಂಡರೆ ಇನ್ನೊಂದು ತೊಡಕು. ಮಾವನ ತಂಡವನ್ನೇ ಕೇಳಿ, ಎಲ್ಲಿ ಬಳಸುತ್ತೇನೆ ಅಂತ ಬಿಡಿಸಿ ಹೇಳಿ, ಹಾಡಿನಲ್ಲಿ ಬಾರಿಸಿದವರ ಹೆಸರು ಹಾಕಿ, ಹಾಡಿನಿಂದ ದುಡ್ಡು ಬಂದರೆ ಅವರಿಗೆ ಪಾಲು ಕೊಡಿ. ಇನ್ನೊಂದು ವಿಷಯ ಅವರಿಗೆ ಮೊದಲೇ ಹೇಳಬೇಕು: ಎಕ್ಸ್‌ಎಂ ಫೈಲ್ ಒಳಗೆ ಸ್ಯಾಂಪಲ್‌ಗಳೂ ಇರುತ್ತವೆ. ಆ ಫೈಲ್ ಅನ್ನೇ ಹಂಚಿದರೆ ಯಾರು ಬೇಕಾದರೂ ತೆರೆದು ನಿಮ್ಮ ಮಾವನ ಒಂದೊಂದು ಏಟನ್ನೂ ಬೇರೆ ತೆಗೆದು ತಮ್ಮ ಹಾಡಿಗೆ ಹಾಕಿಕೊಳ್ಳಬಹುದು. ಅದಕ್ಕೆ ಅವರ ಒಪ್ಪಿಗೆ ಇದ್ದರೆ ಎಕ್ಸ್‌ಎಂ ಕೊಡಿ, ಇಲ್ಲದಿದ್ದರೆ ವೇವ್‌ಗೆ ಎಕ್ಸ್‌ಪೋರ್ಟ್ ಮಾಡಿ ಅದನ್ನು ಮಾತ್ರ ಹಂಚಿ.